ಹಳೆಯ ಅಂಬಾಸಡರ್‌ನಲ್ಲಿ ಬ್ಯಾಟರಿಗೆ ಅತಿಯಾದ ಚಾರ್ಜ್: ಆಲ್ಟರ್ನೇಟರ್ ಬದಲಿಸಲೇಬೇಕೇ?

ಪ್ರಶ್ನೆ (ಸಿಂಧನೂರು)

ನಮ್ಮ ತಂದೆಯವರ ಕಾಲದ ಅಂಬಾಸಡರ್ ಕಾರಿನಲ್ಲಿ ನಾನು ಈಗಲೂ ವಾರಕ್ಕೆರಡು ಸಲ ರಾಯಚೂರಿಗೆ ಹೋಗಿಬರುತ್ತೇನೆ. ಎರಡು ತಿಂಗಳಿಂದ ಅದರ ಬ್ಯಾಟರಿಯ ನೀರು ಹದಿನೈದೇ ದಿನಕ್ಕೆ ಪ್ಲೇಟುಗಳಿಗಿಂತ ಕೆಳಗಿಳಿಯುತ್ತಿದೆ. ಬಾನೆಟ್ ಎತ್ತಿದರೆ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ. ಹೆಡ್‌ಲೈಟ್ ಬಲ್ಬು ಎರಡು ಬಾರಿ ಸುಟ್ಟಿತು. ನಮ್ಮ ಕಡೆಯ ಬಿಸಿಲಿಗೆ ನೀರು ಆರುತ್ತಿರಬೇಕೆಂದು ಮೊದಲು ಸುಮ್ಮನಿದ್ದೆ. ಆದರೆ ರೇಸ್ ಕೊಟ್ಟು ಮಲ್ಟಿಮೀಟರ್ ಹಿಡಿದಾಗ ಬ್ಯಾಟರಿಯಲ್ಲಿ 15.7 ವೋಲ್ಟ್ ತೋರಿಸಿತು. ಈ ಗಾಡಿಯಲ್ಲಿ ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್, ಕರೆಂಟ್ ಉತ್ಪಾದಿಸಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್‌ನ ಒಳಗಿಲ್ಲ, ಬಾನೆಟ್ ಕೆಳಗೆ ಗಾಡಿಯ ಲೋಹದ ಮೈಗೆ ಪ್ರತ್ಯೇಕವಾಗಿ ಬಿಗಿದಿದೆ. ಹೊಸ ರೆಗ್ಯುಲೇಟರ್ ಹಾಕಿಸಿದರೂ ಫಲವಾಗಲಿಲ್ಲ. ಈಗ ಮೆಕ್ಯಾನಿಕ್ ಆಲ್ಟರ್ನೇಟರನ್ನೇ ಬದಲಿಸಲು ಹೇಳುತ್ತಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಬಳ್ಳಾರಿ)

ಹೊಸ ರೆಗ್ಯುಲೇಟರ್ ಹಾಕಿದ ಮೇಲೂ ವೋಲ್ಟೇಜ್ ಇಳಿಯದಿದ್ದರೆ ದಯವಿಟ್ಟು ಮೊದಲು ವೈರಿಂಗ್ ನೋಡಿ ಸರ್. ಬ್ಯಾಟರಿಯಲ್ಲಿ ಎಷ್ಟು ವೋಲ್ಟೇಜ್ ಇದೆ ಎಂಬುದು ರೆಗ್ಯುಲೇಟರ್‌ಗೆ ನೇರವಾಗಿ ತಿಳಿಯುವುದಿಲ್ಲ. ಇಗ್ನಿಷನ್ ಸ್ವಿಚ್ ಮತ್ತು ಫ್ಯೂಸ್ ದಾಟಿ ತನ್ನ ತನಕ ಬಂದದ್ದನ್ನಷ್ಟೇ ಅದು ಅಳೆಯುತ್ತದೆ. ದಾರಿಯಲ್ಲಿ ಒಂದು ವೋಲ್ಟ್ ಸೋರಿದರೆ, ಚಾರ್ಜ್ ಸಾಲದೆಂದು ತಿಳಿದು ಅದು ಬ್ಯಾಟರಿಗೆ ಒಂದು ವೋಲ್ಟ್ ಹೆಚ್ಚಾಗಿಯೇ ತುಂಬಿಸುತ್ತದೆ. ರೆಗ್ಯುಲೇಟರ್‌ನ ಅರ್ಥ್ (ಗಾಡಿಯ ಲೋಹದ ಮೈಯೊಂದಿಗಿನ ಸಂಪರ್ಕ) ಸಡಿಲವಾಗಿದ್ದರೂ ಇದೇ ಫಲ.

ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ, ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ರೆಗ್ಯುಲೇಟರ್‌ಗೆ ಇಗ್ನಿಷನ್ ವೈರ್ ಸೇರುವ ಪಿನ್‌ಗೂ ಇಡಿ. ಅನಂತರ ಬ್ಯಾಟರಿಯ ನೆಗೆಟಿವ್‌ನಿಂದ ರೆಗ್ಯುಲೇಟರ್‌ನ ಲೋಹದ ಮೈಗೆ ಅಳೆಯಿರಿ. ಎರಡೂ ಕಡೆ 0.2 ವೋಲ್ಟ್ ಮೀರಬಾರದು. ಸಂಡೂರು ಕಡೆಯಿಂದ ನನ್ನಲ್ಲಿಗೆ ಬರುವ ಗಾಡಿಗಳಲ್ಲಿ ಅದಿರಿನ ಕೆಂಪು ದೂಳು ಫ್ಯೂಸ್ ಬಾಕ್ಸಿನೊಳಗೂ ಕೂತಿರುತ್ತದೆ, ಆದ್ದರಿಂದ ನಾನು ಕೈ ಹಾಕುವುದು ಮೊದಲು ಅಲ್ಲಿಗೇ.

ವೈರಿಂಗ್ ಸರಿಯಿದ್ದರೆ ಮಾತ್ರ ಮುಂದಿನ ಪರೀಕ್ಷೆ: ಎಂಜಿನ್ ನಿಲ್ಲಿಸಿ ಆಲ್ಟರ್ನೇಟರ್‌ನ ಫೀಲ್ಡ್ ವೈರ್ (ರೆಗ್ಯುಲೇಟರ್‌ನಿಂದ ಅದರ ಸುರುಳಿಗೆ ಹೋಗುವ ವೈರ್) ಬಿಡಿಸಿ, ಅದರ ತುದಿ ಗಾಡಿಯ ಮೈಗೆ ತಾಗದಂತೆ ಟೇಪ್ ಸುತ್ತಿ, ಮತ್ತೆ ಸ್ಟಾರ್ಟ್ ಮಾಡಿ. ಚಾರ್ಜಿಂಗ್ ನಿಂತರೆ ಆಲ್ಟರ್ನೇಟರ್‌ನ ತಪ್ಪಿಲ್ಲ. ಆಗಲೂ ಚಾರ್ಜ್ ಆಗುತ್ತಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ.

ಉತ್ತರ 2 (ಕೊಪ್ಪಳ)

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ. ಪರೀಕ್ಷೆಗೆಂದು ಎಂಜಿನ್ ಓಡುವಾಗ ಬ್ಯಾಟರಿಯ ಕೇಬಲ್ ಕಳಚುವವರಿದ್ದಾರೆ. ಖಂಡಿತ ಹಾಗೆ ಮಾಡಬೇಡಿ, ಆ ಕ್ಷಣದಲ್ಲಿ ಏರುವ ವೋಲ್ಟೇಜ್ ಆಲ್ಟರ್ನೇಟರ್‌ನೊಳಗಿನ ಡಯೋಡುಗಳನ್ನು ಸುಡಬಹುದು. ಹೀಗೆ ಕುದಿಯುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಡುತ್ತಿರುತ್ತದೆ, ಆದ್ದರಿಂದ ಬೀಡಿ ಹಚ್ಚಿದವರನ್ನು ಬಾನೆಟ್ ಹತ್ತಿರ ಬಿಡಬೇಡಿ. ರಾತ್ರಿಯಿಡೀ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು, 10.5ಕ್ಕೆ ಇಳಿದಿದ್ದರೆ ಒಂದು ಸೆಲ್ ಕೆಟ್ಟಿದೆ ಎಂದೇ ತಿಳಿಯಿರಿ.

ಪ್ರಶ್ನೆ ಕೇಳಿದವರು (ಸಿಂಧನೂರು)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅರ್ಥ್ ಕಡೆ 0.1 ವೋಲ್ಟ್ ಮಾತ್ರ ಇತ್ತು, ಪಾಸಿಟಿವ್ ಕಡೆ 1.3 ಬಂತು. ಫ್ಯೂಸ್ ಬಾಕ್ಸ್ ಬಿಚ್ಚಿದಾಗ ಒಂದು ಫ್ಯೂಸಿನ ಹಿತ್ತಾಳೆ ಹಿಡಿಕೆಯ ಮೇಲೆ ಹಸಿರು ಕಿಲುಬು ಕಟ್ಟಿತ್ತು, ಪಕ್ಕದ ಪ್ಲಾಸ್ಟಿಕ್ ಬಿಸಿಗೆ ಕಂದಿತ್ತು. ಉಪ್ಪುಕಾಗದದಿಂದ ಉಜ್ಜಿ, ಹಿಡಿಕೆಯನ್ನು ಬಿಗಿಗೊಳಿಸಿ, ಹೊಸ ಫ್ಯೂಸ್ ಹಾಕಿದೆ. ಈಗ ಎಷ್ಟು ರೇಸ್ ಕೊಟ್ಟರೂ ಬ್ಯಾಟರಿಯಲ್ಲಿ 14.4 ವೋಲ್ಟ್ ದಾಟುತ್ತಿಲ್ಲ. ಬೆಳಿಗ್ಗೆ ಅಳೆದಾಗ 12.5 ಇತ್ತು. ಡಿಸ್ಟಿಲ್ಡ್ ವಾಟರ್ ತುಂಬಿಸಿ ಗುರುತು ಹಾಕಿಟ್ಟಿದ್ದೇನೆ. ಹದಿನೈದು ದಿನದ ಮೇಲೆ ಮಟ್ಟ ನೋಡಿ ಇಲ್ಲಿಯೇ ಬರೆಯುತ್ತೇನೆ.