78×60 ಗಾದಿಗೆ ಸಾದಾ ಮಂಚ: ಕಟ್ಟಿಗಿ ಎಷ್ಟು ಬೇಕು, ಕಾಲಿಗೆ ಪಟ್ಟಿ ಹೆಂಗ ಕೂಡಸೋದು?

ನವನಗರ, ಹುಬ್ಬಳ್ಳಿ:
ಗಾದಿ 78×60 ಇಂಚು, 6 ಇಂಚು ದಪ್ಪ ಐತಿ. ಅದಕ್ಕ ಕೆಳಗ ಪೆಟ್ಟಿಗಿ ಇಲ್ಲದ ಸಾದಾ ಮಂಚ ಮನ್ಯಾಗ ಮಾಡಬೇಕು. ಡ್ರಿಲ್, ಕರಗಸ, ಉಳಿ, ಕೈ ರಂದಾ ಅದಾವ. ಬಾಡಿಗಿ ಮನಿ, ಮೂರನೇ ಮಾಳಿಗಿ, ಬಿಚ್ಚಿ ಒಯ್ಯೋಹಂಗ ಇರಬೇಕು. ಯಾವ ಕಟ್ಟಿಗಿ, ಎಷ್ಟು ತರಬೇಕ್ರಿ? ಮಗ್ಗಲಾ ಬದಲಿಸಿದ್ರ ಕಿರ್ ಅನಬಾರದು, ಅಷ್ಟ.

ಧಾರವಾಡ:
ಒಳಗಿನ ಅಳತಿ 79×61 ಹಿಡೀರಿ. ಚಾದರ ಸಿಗಸಾಕ ಬೆರಳು ಹೋಗಬೇಕಲ್ಲ.

ಕಾಲು 3×3, 14 ಇಂಚು ಎತ್ತರ, ನಾಲ್ಕು. ಮಗ್ಗಲ ಪಟ್ಟಿ 79 ಇಂಚಿನವು ಎರಡು, ತಲಿ-ಕಾಲ ಕಡಿಗೆ 61ರವು ಎರಡು. ನಾಲ್ಕೂ 6 ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ನಡುವಿನ ತೊಲಿ 4×2, ಅದಕ್ಕ ಎರಡು ಗಿಡ್ಡ ಕಾಲು. ಮಗ್ಗಲ ಪಟ್ಟಿಯ ಒಳಗ, ಹಾಸೋ ಪಟ್ಟಿ ಕೂಡಾಕ, ಒಂದೂವರಿ ಇಂಚಿನ ಚೌಕ ರೀಪು ಎರಡು. ಮ್ಯಾಲೆ ಹಾಸಾಕ 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಪಟ್ಟಿ 14. ನಡುವ ಹತ್ತಹತ್ರ ಎರಡೂವರಿ ಇಂಚು ಸಂದು ಬರತೈತಿ. ಎಲ್ಲಾ ಸೇರಿ ಮೂರೂಕಾಲು ಘನ ಅಡಿ. ಕೊಯ್ಯೋದು, ರಂದಾ ಹೊಡೆಯೋದ್ರಾಗ ಹೋಗೋದು ಹಿಡಿದು ನಾಲ್ಕು ತರ್ರಿ. ಒಂದೂಕಾಲು ಇಂಚು ಉಳೀಬೇಕಂದ್ರ ಸಾ ಮಿಲ್ಲಿನ್ಯಾಗ ಒಂದೂವರಿ ಕೊಯ್ಸಬೇಕು, ನೆನಪಿರಲಿ.

ಹಳಿಯಾಳ-ದಾಂಡೇಲಿ ಕಡಿ ಸಾಗವಾನಿ ನಮಗ ಹತ್ರ. ರೊಕ್ಕ ಉಳಸಬೇಕಂದ್ರ ಹಾಸೋ ಪಟ್ಟಿ ಅಷ್ಟು ಸಿಲ್ವರ್ ಓಕ್ ಹಾಕ್ರಿ. ಆಗ ಸಾಗವಾನಿ ಎರಡೂವರಿ ಘನ ಅಡಿ ಸಾಕು. ಅಂಚಿಗೆ ಬಿಳಿ ಇರೋ ತುಂಡು ಬ್ಯಾಡ, ಹುಳಾ ಮೊದಲು ಹತ್ತೋದು ಅದಕ್ಕ. ಹಸಿ ಕಟ್ಟಿಗಿ ಅಂತೂ ಬ್ಯಾಡವೇ ಬ್ಯಾಡ. ಒಣಗೇತೋ ಇಲ್ಲೋ ನೋಡಾಕ ಒಂದು ತುಂಡು ಕಿರಾಣಿ ತಕ್ಕಡ್ಯಾಗ ವಾರಕ್ಕೊಮ್ಮೆ ತೂಗ್ರಿ. ತೂಕ ಇಳಿಯೋದು ನಿಂತ ಮ್ಯಾಲೆ ಕೆಲಸ ಸುರು ಮಾಡ್ರಿ.

ಗದಗ:
ಅಳತಿ ಸರಿ ಐತ್ರಿ. ಆದ್ರ ಪಟ್ಟಿ ಕಾಲಿನ ಯಾವ ಮಗ್ಗಲಿಗೆ ಬರತೈತಿ ಅನ್ನೋದು ಹೇಳಲಿಲ್ಲ, ಅಲ್ಲೇ ಎಡವೋದು. ಹೊರಗ ಚಂದ ಕಾಣ್ಲಿ ಅಂತ ಪಟ್ಟಿಯನ್ನ ಕಾಲಿನ ಹೊರಮೈಗೆ ಸಮ ಕೂಡಿಸಿದ್ರ ಕಾಲು ಒಂದೂಮುಕ್ಕಾಲು ಇಂಚು ಒಳಗ ಚಾಚತೈತಿ. ಗಾದಿಯ ನಾಲ್ಕೂ ಮೂಲಿ ಅದಕ್ಕ ಬಡೀತಾವ, ಗಾದಿ ಕೆಳಗ ಕೂಡೋದಿಲ್ಲ. ಪಟ್ಟಿ ಕಾಲಿನ ಒಳಮೈಗೆ ಸಮ ಇರಲಿ. ಆಗ ಪಟ್ಟಿ ಉದ್ದನೂ ಸರಿಯಾಗಿ 79, 61 ಬರತೈತಿ. ಕಾಲು ಹೊರಗ ಚಾಚತಾವ, ಅದಕ್ಕ ಹೊರ ಅಂಚು ಉರುಟ ಮಾಡ್ರಿ, ಬೆರಳಿಗೆ ಬಡಿಯೋದು ತಪ್ಪತೈತಿ.

ಬಿಚ್ಚೋ ಮಂಚಕ್ಕ ಮೊಳಿ, ಫೆವಿಕಾಲ್ ಎರಡೂ ಬ್ಯಾಡ. ಪಟ್ಟಿಯ ತುದಿಗೆ ಸ್ಕ್ರೂ ಹಾಕಿದ್ರ ಎಳಿ ಉದ್ದಕ ಇರೋದರಿಂದ ಹಿಡೀಯೋದಿಲ್ಲ, ವರ್ಷದಾಗ ಅಲ್ಲಾಡತೈತಿ. 8 ಎಂ.ಎಂ. ಬೋಲ್ಟು, 4 ಇಂಚು ಉದ್ದ, ಬ್ಯಾರಲ್ ನಟ್ಟು (ಪಟ್ಟಿಯ ಅಡ್ಡ ತೂತಿನ್ಯಾಗ ಕೂಡೋ ಉರುಟ ನಟ್ಟು) ಸಹಿತ 16 ತಗೋರಿ. ಒಂದು ಜೋಡಣಿಗೆ ಎರಡು. ಕಾಲಿನ ಹೊರಗ ವಾಷರ್ ಮುಳುಗೋಹಂಗ ಅರ್ಧ ಇಂಚು ಆಳ ಕೊರೀರಿ. ಪಟ್ಟಿಯ ತುದಿಯಿಂದ 30 ಎಂ.ಎಂ. ಒಳಗ ನಟ್ಟಿನ ತೂತು. ಒಂದ ಕಾಲಿನ್ಯಾಗ ಎರಡು ದಿಕ್ಕಿನ ಬೋಲ್ಟು ಹಾಯ್ತಾವ, ಒಂದೇ ಎತ್ತರಕ್ಕ ಕೊರೆದ್ರ ಒಳಗ ಒಂದಕ್ಕೊಂದು ಢಿಕ್ಕಿ. ಮಗ್ಗಲ ಪಟ್ಟಿಗೆ ಮ್ಯಾಲಿಂದ ಒಂದೂವರಿ ಮತ್ತ ನಾಲ್ಕೂವರಿ ಇಂಚಿಗೆ, ಅಡ್ಡ ಪಟ್ಟಿಗೆ ಮುಕ್ಕಾಲು ಇಂಚು ಕೆಳಗ ಇಳಿಸಿ ಗುರುತು ಹಾಕ್ರಿ.

ಬಿಗಿ ಮಾಡೋಕಿಂತ ಮೊದಲು ಒಳಗಿನ ಎರಡೂ ಕರ್ಣ ಅಳೀರಿ, 99.8 ಇಂಚಿನ ಹತ್ರ ಬರಬೇಕು. ಅಂಕಿ ಕೂದಲೆಳಿ ಆಚೀಚಿ ಆದ್ರ ಚಿಂತಿಲ್ಲ, ಎರಡೂ ಒಂದೇ ಇರಬೇಕು.

ರಾಣೆಬೆನ್ನೂರು:
14 ಪಟ್ಟಿ ಯಾಕ್ರಿ, 12 ಎಂ.ಎಂ. ಪ್ಲೈವುಡ್ ಒಗದ್ರ ಮುಗೀತು.

ಗದಗ:
8×4ರ ಒಂದು ಹಾಳಿ 61 ಇಂಚು ಅಗಲಕ್ಕ ಸಾಲೋದಿಲ್ಲಣ್ಣಾರ, ಎರಡು ತರಬೇಕಾಗತೈತಿ. ಮ್ಯಾಲೆ ಮಳಿಗಾಲದಾಗ ಗಾಳಿ ಆಡದ ಗಾದಿ ಕೆಳಗ ಬೂಸ್ಟ ಹಿಡಿಯೋದು ಬ್ಯಾರೆ. ಹಾಕೋದೇ ಆದ್ರ ಅಡಿಗೊಂದು ತೂತು ಕೊರೀರಿ.

ನವನಗರ, ಹುಬ್ಬಳ್ಳಿ:
ನಡುವಿನ ತೊಲಿ ಎಷ್ಟು ಎತ್ತರಕ್ಕ ಬರಬೇಕು?

ಧಾರವಾಡ:
ರೀಪಿನ ಮ್ಯಾಲ್ಮೈಗೆ ಸರಿಸಮ. ರೀಪು ಮಗ್ಗಲ ಪಟ್ಟಿಯ ಮ್ಯಾಲಿನ ಅಂಚಿಗಿಂತ ಒಂದೂಮುಕ್ಕಾಲು ಇಂಚು ಕೆಳಗ ಕೂಡಸ್ರಿ. ಹಾಸೋ ಪಟ್ಟಿ ಹಾಕಿದ ಮ್ಯಾಲೆ ಒಂದು ಇಂಚು ಅಂಚು ಉಳೀತೈತಿ, ಗಾದಿ ಜಾರೋದಿಲ್ಲ. ಆ ಲೆಕ್ಕಕ್ಕ, 14ರಾಗ ಒಂದೂಮುಕ್ಕಾಲು ಮತ್ತ ತೊಲಿಯ 4 ಕಳದ್ರ, ತೊಲಿಯ ಗಿಡ್ಡ ಕಾಲು ಎಂಟೂಕಾಲು ಇಂಚು. ತೊಲಿಯ ತುದಿಗೆ ಎಲ್ ಆಕಾರದ ಕಬ್ಬಿಣದ ಪಟ್ಟಿ ಹಾಕಿ ಅಡ್ಡ ಪಟ್ಟಿಗೆ ಬಿಗೀರಿ. ತೊಲಿ ಒಂದು ಸೂತು (ಇಂಚಿನ ಎಂಟನೇ ಒಂದು ಪಾಲು) ಮ್ಯಾಲಾದ್ರ ಹಾಸೋ ಪಟ್ಟಿ ತಕ್ಕಡಿ ಹಂಗ ತೂಗತಾವ, ಕೆಳಗಾದ್ರ ನಡುವ ಬಾಗತಾವ.

ಕಿರ್ ಅನ್ನೋದು ಹೆಚ್ಚಾಗಿ ಹಾಸೋ ಪಟ್ಟಿ ರೀಪಿಗೆ ತಿಕ್ಕೋದರಿಂದ. ಹಳೇ ಸೈಕಲ್ ಟ್ಯೂಬ್ ಸೀಳಿ ರೀಪಿನ ಮ್ಯಾಲೆ ಅಂಟಸ್ರಿ. ತೊಲಿ ಮ್ಯಾಲೂ ಅದೇ ದಪ್ಪದ್ದು ಅಂಟಸ್ರಿ ಮತ್ತ, ಇಲ್ಲಂದ್ರ ಸಮ ಮಾಡಿದ್ದೆಲ್ಲಾ ಕೆಡತೈತಿ.