ನೇತ್ರಾಣಿ ದ್ವೀಪದ ಹತ್ರ ಸ್ಕೂಬಾ ಡೈವಿಂಗಲ್ಲಿ 3 ಮೀಟರ್ ಇಳಿದ್ರೆ ಸಾಕು ಕಿವಿ ನೋವು, ಈಕ್ವಲೈಸ್ (ಕಿವಿ ಒಳಗಿನ ಒತ್ತಡ ಹೊರಗಿನಷ್ಟೇ ಮಾಡೋದು) ಆಗ್ತಾನೇ ಇಲ್ಲ, ಹೆಲ್ಪ್ ಮಾಡಿ

ಮಂಜು_ವಿಜಯನಗರ:
ತಲೆ ಕೆಟ್ಟೋಗಿದೆ ಗುರು. ವೀಕೆಂಡ್ ಎರಡೂ ದಿನ ನೇತ್ರಾಣಿಗೆ ಹೋಗಿ ಒಂದು ಡೈವೂ ಮುಗಿಸ್ದೆ ವಾಪಸ್ ಬಂದೆ. ಓಪನ್ ವಾಟರ್ ಅಂತ ಸ್ಕೂಬಾ ಕಲಿಯೋರ ಮೊದಲ ಕೋರ್ಸು, ಪೂಲ್ ಸೆಷನ್ ಬೆಂಗಳೂರಲ್ಲೇ ಮುಗ್ಸಿದ್ದೆ, ಅಲ್ಲಿ ಏನೂ ತೊಂದ್ರೆ ಇರ್ಲಿಲ್ಲ. ಇಲ್ಲಿ ಹಗ್ಗ ಹಿಡ್ಕೊಂಡು ಇಳೀತಾ 3 ಮೀಟರ್ ಹತ್ರ ಬಂದ್ರೆ ಕಿವಿ ಒಳಗೆ ಸೂಜಿ ಚುಚ್ಚಿದಂಗೆ ನೋವು, ಮೂಗು ಹಿಡ್ಕೊಂಡು ಎಷ್ಟು ಜೋರಾಗಿ ಊದಿದ್ರೂ ಬಿಟ್ಕೊಳ್ಳಲ್ಲ. ನಾಲ್ಕು ಸಲ ಟ್ರೈ ಮಾಡ್ದೆ. ಜೊತೆಗೆ ಬಂದೋರೆಲ್ಲ ಆಮೆ ನೋಡ್ಕೊಂಡು ಬಂದ್ರು, ನಾನು ಬೋಟಲ್ಲಿ ಕೂತಿದ್ದೆ. ಏನ್ ಮಾಡ್ಬೇಕು ಹೇಳಿ.

ಕಡಲ್_ಹುಡ್ಗ:
ಮಾಸ್ಕ್ ಯಾವ್ದು? ಬಾಡಿಗೆದಾ ಸ್ವಂತದ್ದಾ? ಮೂಗಿನ ಜಾಗದ ಸಿಲಿಕಾನ್ ಗಟ್ಟಿ ಇದ್ರೆ ಎರಡೂ ಹೊಳ್ಳೆ ಸರಿಯಾಗಿ ಮುಚ್ಚಲ್ಲ, ಗಾಳಿ ಮಾಸ್ಕ್ ಒಳಗೇ ಸೋರತ್ತೆ, ಕಿವಿಗೆ ಹೋಗಲ್ಲ. ನಂಗೂ ಹಿಂಗೇ ಆಗಿತ್ತು, ಮಾಸ್ಕ್ ಚೇಂಜ್ ಮಾಡಿದ್ಮೇಲೆ ಒಂದು ದಿನಾನೂ ತೊಂದ್ರೆ ಇಲ್ಲ.

ಮಂಜು_ವಿಜಯನಗರ:
ಸ್ವಂತದ್ದೇ, ಹೊಸದು.

ಕಡಲ್_ಹುಡ್ಗ:
ಅದೇ ನಾನು ಹೇಳಿದ್ದು. ಹೊಸ ಮಾಸ್ಕ್. ಬದಲಾಯ್ಸಿ ನೋಡಿ.

ಧಾರವಾಡ_ಡೈವರ್:
ಮಾಸ್ಕ್ ಬದಲಾಯಿಸಾಕ ದುಡ್ಡು ಖರ್ಚು ಮಾಡಬ್ಯಾಡ್ರಿ, ಮೊದಲು ಇದನ್ನ ಹೇಳ್ರಿ. ನೀವು ಊದೂದು ಯಾವಾಗ? ನೋವು ಶುರು ಆದ ಮ್ಯಾಲೆ ಊದಿದ್ರ ಏನೂ ಉಪಯೋಗ ಇಲ್ಲ. 10 ಮೀಟರ್ ನೀರು ಅಂದ್ರ ಒಂದು ವಾತಾವರಣದಷ್ಟು ಒತ್ತಡ, 3 ಮೀಟರಿಗೇ ಕಿವಿಯೊಳಗಿನ ಗಾಳಿ ಹೆಚ್ಚುಕಡಿಮಿ ಕಾಲು ಭಾಗ ಕುಗ್ಗತೈತಿ. ಮೂಗಿನ ಹಿಂದಿಂದ ಕಿವಿಗೆ ಹೋಗೂ ನಳಿಗಿ ಬಾಯಿ ಅಷ್ಟೊತ್ತಿಗೆ ಒತ್ತಿಕೊಂಡು ಮುಚ್ಚಿಬಿಟ್ಟಿರ್ತೈತಿ, ಆಮ್ಯಾಲೆ ಊದಿದಷ್ಟೂ ಇನ್ನೂ ಬಿಗಿ ಆಗ್ತೈತಿ. ನೀರಿಗೆ ಇಳಿಯೂಕಿಂತ ಮೊದಲ ಬೋಟಿನ್ಯಾಗ ಒಂದ್ಸಲ, ಮುಖ ಮುಳುಗಿಸಿದ ಕೂಡ್ಲೇ ಒಂದ್ಸಲ, ಆಮ್ಯಾಲೆ ಅರ್ಧ ಮೀಟರಿಗೊಮ್ಮೆ. ಕಾಲು ಕೆಳಗ, ತಲಿ ಮ್ಯಾಲೆ. ಊದಿದ್ರ ಆಗಲಿಲ್ಲ ಅಂದ್ರ ಮೂಗು ಹಿಡಕೊಂಡು ಉಗುಳು ನುಂಗ್ರಿ.

ಕಡಲ್_ಹುಡ್ಗ:
ಇದೆಲ್ಲ ಇನ್‌ಸ್ಟ್ರಕ್ಟರ್ ಮೊದಲ ದಿನಾನೇ ಹೇಳಿರ್ತಾರೆ. ಮೂಗು ಹಿಡಿಯೋಕೇ ಆಗ್ದಿದ್ರೆ ಟೆಕ್ನಿಕ್ ಏನ್ ಮಾಡತ್ತೆ? ಮೀಸೆ ಇದ್ಯಾ ನಿಮಗೆ?

ಧಾರವಾಡ_ಡೈವರ್:
ಮೀಸಿ ಇದ್ರ ನೀರು ಒಳಗ ಬರ್ತೈತಿ, ಅದಕ್ಕೂ ಕಿವಿಗೂ ಏನ್ ಸಂಬಂಧ ರೀ?

ಸ್ಕೂಬಾ_ಕಿಟ್ಟಿ:
ನನ್ನ ಪ್ರಕಾರ ಬಾಡಿಗೆ ಗೇರ್ ತಗೊಳ್ಳೋದೇ ತಪ್ಪು. ನಾನು ಮಾಸ್ಕ್, ಫಿನ್ಸ್, ರೆಗ್ಯುಲೇಟರ್, ಡೈವ್ ಕಂಪ್ಯೂಟರ್ ಎಲ್ಲ ಸ್ವಂತದ್ದೇ ಇಟ್ಕೊಂಡಿದೀನಿ, ಹೋದ ತಿಂಗಳು ಟ್ಯಾಂಕ್ ಪ್ರೆಶರ್ ವಾಚಲ್ಲೇ ತೋರ್ಸೋ ಟ್ರಾನ್ಸ್‌ಮಿಟರ್ ಕೂಡ ಹಾಕ್ಸಿದೆ. ಅಂಡಮಾನಿನ ಹ್ಯಾವ್‌ಲಾಕಲ್ಲಿ 22 ಡೈವ್ ಮಾಡ್ದೆ, ಒಂದ್ಸಲನೂ ಕಿವಿ ನೋವು ಬಂದಿಲ್ಲ.

ಕಡಲ್_ಹುಡ್ಗ:
ಯಾವ ಟ್ರಾನ್ಸ್‌ಮಿಟರ್ ಬ್ರೋ? ಬ್ಯಾಟರಿ ಎಷ್ಟು ದಿನ ಬರತ್ತೆ?

ಹೊನ್ನಾವರದ_ಅಕ್ಕ:
ಮಂಜು ಅವ್ರೆ, ಎರಡು ಪ್ರಶ್ನೆ. ನೋವು ಎರಡೂ ಕಿವಿಗಾ ಒಂದಕ್ಕೇನಾ? ಆ ಪೂಲು ಎಷ್ಟು ಆಳ ಇತ್ತು? ಮತ್ತೆ ಬೆಂಗಳೂರಿಂದ ಬಸ್ಸಲ್ಲಿ ಬಂದದ್ದಾದ್ರೆ ಘಾಟಿ ಇಳಿವಾಗ ಕಿವಿ ಹೇಗಿತ್ತು?

ಮಂಜು_ವಿಜಯನಗರ:
ಎಡಗಿವಿ ಮಾತ್ರ ಮೇಡಂ. ಪೂಲ್ ಐದು ಅಡಿ. ರಾತ್ರಿ ಬಸ್ಸಲ್ಲಿ ಸಾಗರದ ಮೇಲೆ ಬಂದ್ವಿ, ಗೇರುಸೊಪ್ಪೆ ಘಾಟಿ ಇಳೀತಿದ್ದಂಗೆ ಎಡಗಿವಿ ಗಪ್ಪಂತ ಕಟ್ಕೊಳ್ತು, ಮುರುಡೇಶ್ವರಕ್ಕೆ ಬಂದ್ರೂ ಬಿಟ್ಟಿರ್ಲಿಲ್ಲ. ಎಲ್ರಿಗೂ ಆಗತ್ತಲ್ಲ ಅಂತ ಸುಮ್ನಿದ್ದೆ. ಹಿಂದಿನ ವಾರ ನೆಗಡಿ ಇತ್ತು, ಆದ್ರೆ ಅದು ಹೋಗಿತ್ತು.

ಹೊನ್ನಾವರದ_ಅಕ್ಕ:
ಇದನ್ನ ಮೊದಲೇ ಬರೀಬೇಕಿತ್ತು ಮಾರಾಯ್ರೆ! ಲೆಕ್ಕ ನೋಡಿ. ಘಾಟಿ ಮೇಲಿಂದ ಕೆಳಗೆ ಸುಮಾರು 500-600 ಮೀಟರ್ ಇಳಿದ್ರೂ ಗಾಳಿಯ ಒತ್ತಡದ ವ್ಯತ್ಯಾಸ ನೀರಿನ ಲೆಕ್ಕದಲ್ಲಿ ಮುಕ್ಕಾಲು ಮೀಟರೂ ಆಗುದಿಲ್ಲ. ಅಷ್ಟಕ್ಕೇ ಬಿಡದ ಕಿವಿ ಬೆಳಿಗ್ಗೆ ಬೋಟ್ ಹತ್ತಿ 3 ಮೀಟರಿಗೆ ಹೇಗೆ ಬಿಡ್ತದೆ? ನೆಗಡಿ ಹೋದ್ರೂ ಆ ನಳಿಗೆ ಒಳಗಿನ ಊತ ಎಷ್ಟೋ ದಿನ ಇರ್ತದೆ. ನಾನು ಮೇಲಿನಿಂದ ಬಂದವ್ರಿಗೆ ಯಾವಾಗ್ಲೂ ಇದನ್ನೇ ಕೇಳೂದು, ಘಾಟಿಯಲ್ಲಿ ಕಟ್ಟಿದ ಕಿವಿ ಬೆಳಿಗ್ಗೆ ಉಗುಳು ನುಂಗಿದ್ರೆ ಟಿಕ್ ಅನ್ನದಿದ್ರೆ ಆ ದಿನ ನೀರಿಗೆ ಇಳೀಬೇಡಿ. ಈಗ ಕಿವಿ ಹೇಗೆ ಉಂಟು?

ಮಂಜು_ವಿಜಯನಗರ:
ಮಂದ ಮಂದ ಕೇಳ್ಸತ್ತೆ, ಒಳಗೆ ನೀರು ತುಂಬಿದಂಗಿದೆ. ಶನಿವಾರ ಎದ್ದು ನಿಂತಾಗ ಒಂದೆರಡು ಸಲ ತಲೆ ಸುತ್ತಿತ್ತು.

ಧಾರವಾಡ_ಡೈವರ್:
ತಲಿ ಸುತ್ತಿದ್ದು ಈಗ ಹೇಳ್ತೀರಲ್ರೀ! ಇವತ್ತೇ ಇಎನ್‌ಟಿ ಹತ್ರ ಹೋಗ್ರಿ. ಜೋರಾಗಿ ಊದಿ ಊದಿ ಒಳಗಿವಿಗೆ ಪೆಟ್ಟು ಬಿದ್ದಿದ್ರ ಕೇಳಿಸೂದೇ ಕಡಿಮಿ ಆಗಬಹುದು. ಡಾಕ್ಟ್ರು ನೋಡೂತನಕ ಮತ್ತ ಮೂಗು ಹಿಡಿದು ಊದಬ್ಯಾಡ್ರಿ.

ಸ್ಕೂಬಾ_ಕಿಟ್ಟಿ:
ಮೂಗು ಬಿಡ್ಸೋ ಸ್ಪ್ರೇ ಹೊಡ್ಕೊಂಡು ಇಳಿದ್ರೆ ಆಯ್ತು, ನನ್ ಫ್ರೆಂಡ್ಸ್ ಎಲ್ಲ ಹಂಗೇ ಮಾಡೋದು.

ಹೊನ್ನಾವರದ_ಅಕ್ಕ:
ದಯವಿಟ್ಟು ಹೊಸಬರಿಗೆ ಹಾಗೆ ಹೇಳಬೇಡಿ. ನೀರಡಿ ಇರುವಾಗ ಅದರ ಪ್ರಭಾವ ಇಳಿದ್ರೆ ಮೇಲೆ ಬರುವಾಗ ಒಳಗಿನ ಗಾಳಿಗೆ ಹೊರಗೆ ಬರ್ಲಿಕ್ಕೆ ದಾರಿ ಇರುದಿಲ್ಲ. ಇಳಿವಾಗ ನೋವು ಬಂದ್ರೆ ವಾಪಸ್ ಬರಬಹುದು, ಹತ್ತುವಾಗ ಬಂದ್ರೆ ಟ್ಯಾಂಕಲ್ಲಿ ಗಾಳಿ ಇರುವಷ್ಟು ಹೊತ್ತು ಮಾತ್ರ ಅಲ್ಲೇ ನಿಲ್ಲಲಿಕ್ಕೆ ಆಗುದು.

ಸ್ಕೂಬಾ_ಕಿಟ್ಟಿ:
ನಂಗಂತೂ ಇದುವರೆಗೂ ಏನೂ ಆಗಿಲ್ಲ.

ಮಂಜು_ವಿಜಯನಗರ:
ಈಗಷ್ಟೇ ಡಾಕ್ಟ್ರ ಹತ್ರ ಹೋಗ್ಬಂದೆ. ಕಿವಿಯೊಳಗೆ ಟ್ಯೂಬ್ ಹಾಕಿ ಸ್ಕ್ರೀನಲ್ಲಿ ತೋರ್ಸಿದ್ರು, ಬಲಗಿವಿ ತಮಟೆ ಮುತ್ತಿನ ಬಣ್ಣ ಫಳಫಳ ಅಂತಿದೆ, ಎಡಗಡೆದು ಕೆಂಪಗೆ, ಹಿಂದೆ ಸ್ವಲ್ಪ ರಕ್ತ ನಿಂತಿದೆ. ತೂತು ಬಿದ್ದಿಲ್ಲ. ಕೇಳಿಸೋ ಟೆಸ್ಟಲ್ಲಿ ಒಳಗಿವಿಗೆ ಏನೂ ಆಗಿಲ್ಲ ಅಂದ್ರು. ನಾನು ಹೇಳೋವರೆಗೂ ಡೈವಿಂಗ್ ಬೇಡ, ಮೂರು ವಾರ ಬಿಟ್ಟು ಬನ್ನಿ ಅಂದಿದಾರೆ. ಅಷ್ಟೊತ್ತಿಗೆ ಮೇ ಮುಗಿದು ಮಳೆ ಬರತ್ತೆ, ಬೋಟ್ ಬಂದ್ ಆಗತ್ತೆ. ಅಕ್ಕ, ತುಂಬಾ ಥ್ಯಾಂಕ್ಸ್. ಅಕ್ಟೋಬರಲ್ಲಿ ಬಂದ್ರೆ ನೀರು ಹೇಗಿರತ್ತೆ?

ಹೊನ್ನಾವರದ_ಅಕ್ಕ:
ಮಳೆ ಮುಗಿದ ಕೂಡ್ಲೇ ಬಂದ್ರೆ ಕದಡಿರ್ತದೆ, ಡಿಸೆಂಬರ್ ಜನವರಿಗೆ ಬನ್ನಿ. ಒಂದು ದಿನ ಮೊದಲೇ ಘಾಟಿ ಇಳಿದು ಮುರುಡೇಶ್ವರದಲ್ಲಿ ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಕಿವಿ ನೋಡ್ಕೊಂಡು ಬೋಟ್ ಹತ್ತಿ.

ಕಡಲ್_ಹುಡ್ಗ:
ಆದ್ರೂ ಆ ಮಾಸ್ಕ್ ಯಾವ್ದು ಅಂತ ಒಂದು ಫೋಟೋ ಹಾಕಿ. ಮೂಗಿನ ಜಾಗ ನೋಡ್ಬೇಕು.