ಹದಿಹರೆಯದ ಮಗನ ಕೋಣೆಗೆ ಎಂಥ ಮಂಚ? ಬಡಗಿಯವರನ್ನು ಕೇಳಿ

ಪ್ರಶ್ನೆ (ಕಾರವಾರದಿಂದ, ತಾಯಿಯೊಬ್ಬರು):
ಆಚಾರ್ರೇ ನಮಸ್ಕಾರ. ಮಗನಿಗೆ 14 ವರ್ಷ. ಆಗಲೇ 5 ಅಡಿ 6 ಇಂಚು ಎತ್ತರ ಆಗಿದ್ದಾನೆ, ಅವನ ಅಪ್ಪ 6 ಅಡಿ. ಅವನಿಗೇ ಅಂತ ಒಂದು ಕೋಣೆ ಮಾಡಿಕೊಡುತ್ತಿದ್ದೇವೆ, 10 ಅಡಿ ಉದ್ದ, 9 ಅಡಿ ಅಗಲ. ಪಶ್ಚಿಮಕ್ಕೆ ಕಿಟಕಿ. ಸಮುದ್ರ ಹತ್ತಿರವೇ. ನಮ್ಮ ಮನೆಯವರು ಅಂಗಡಿಯಲ್ಲಿ ಪೆಟ್ಟಿಗೆ ಮಂಚ ನೋಡಿ ಬಂದಿದ್ದಾರೆ, ಹಾಸಿಗೆ ಎತ್ತಿದರೆ ಒಳಗೆ ಸಾಮಾನು ಇಡುವಂಥದ್ದು. ಮಗನಿಗೆ ಮೇಲೆ ಮಂಚ, ಕೆಳಗೆ ಓದುವ ಟೇಬಲ್ ಇರುವುದು ಬೇಕಂತೆ. ಯಾವುದು ಒಳ್ಳೆಯದು?

ಉತ್ತರ (ಬಡಗಿ, ಶಿರಸಿ):
ನಮಸ್ಕಾರ ಅಕ್ಕಾ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಎರಡೂ ಬೇಡ. ನಾಲ್ಕು ಕಾಲಿನ, ಕೆಳಗೆ ಗಾಳಿಯಾಡುವ, ಪಟ್ಟಿ ಹೊಡೆದ ಸಾದಾ ಮಂಚ ಮಾಡಿಸಿ. ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ.

ಉದ್ದದ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ರೆಡಿಮೇಡ್ ಹಾಸಿಗೆ 72, 75, 78 ಇಂಚಿನ ಉದ್ದದಲ್ಲಿ ಬರುತ್ತದೆ. ಅಪ್ಪ 6 ಅಡಿ ಅಂದರೆ ಮಗನೂ ಅಲ್ಲಿಗೆ ಮುಟ್ಟಬಹುದು. ಗಂಡುಮಕ್ಕಳು 17-18ರ ತನಕ ಬೆಳೆಯುತ್ತಾರೆ. 72 ಇಂಚಿನ ಮಂಚದಲ್ಲಿ 6 ಅಡಿ ಹುಡುಗ ಮಲಗಿದರೆ ತಲೆ ಮೇಲೆ ತಾಗುತ್ತದೆ, ಕಾಲು ಕೆಳಗೆ ತಾಗುತ್ತದೆ. ಎತ್ತರಕ್ಕಿಂತ ಅರ್ಧ ಅಡಿಯಷ್ಟಾದರೂ ಜಾಸ್ತಿ ಬೇಕು, ಹಾಗಾಗಿ 78. ಕಾಲಿನ ಕಡೆ ಎತ್ತರದ ಹಲಗೆ ಇಡಿಸಬೇಡಿ. ಅದಿಲ್ಲದಿದ್ದರೆ ಮಾಣಿ ಇನ್ನೂ ಬೆಳೆದರೂ ಕಾಲು ಚಾಚಬಹುದು.

ಅಗಲ 3 ಅಡಿ ಸಾಕು ಅಂತ ಅಂಗಡಿಯವರು ಹೇಳಬಹುದು. ಈ ವಯಸ್ಸಿನ ಮಕ್ಕಳು ಮಂಚದ ಮೇಲೆಯೇ ಓದುತ್ತಾರೆ, ಪುಸ್ತಕ ಹರಡಿಕೊಳ್ಳುತ್ತಾರೆ. ರಜೆಯಲ್ಲಿ ಚಿಕ್ಕಪ್ಪನ ಮಗ ಬಂದರೆ ಜೊತೆಗೆ ಮಲಗುತ್ತಾನೆ. ನಿಮ್ಮ 9 ಅಡಿ ಅಗಲದಲ್ಲಿ ಮಂಚಕ್ಕೆ 4 ಅಡಿ, ಎದುರು ಗೋಡೆಗೆ ಟೇಬಲ್ 2 ಅಡಿ ಹೋದರೂ ಕುರ್ಚಿ ಎಳೆಯಲು 3 ಅಡಿ ಉಳಿಯುತ್ತದೆ. ಒಂದೇ ತೊಂದರೆ, 4 ಅಡಿ ಹಾಸಿಗೆಗೆ ಸಿಂಗಲ್ ಬೆಡ್‌ಶೀಟ್ ಸಾಲುವುದಿಲ್ಲ. 60 ಇಂಚು ಅಗಲದ್ದು ಹೊದಿಸಿದರೆ ಬದಿಗೆ ಸಿಕ್ಕಿಸಲು ಏನೂ ಉಳಿಯುವುದಿಲ್ಲ. ಡಬಲ್ ಶೀಟ್ ತನ್ನಿ.

ಈಗ ಪೆಟ್ಟಿಗೆ ಮಂಚ. ಒಣ ಹವೆಯ ಊರುಗಳಲ್ಲಿ ಅದು ಅನುಕೂಲವೇ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ ಇರುತ್ತದೆ. ಆ ಪೆಟ್ಟಿಗೆಯೊಳಗೆ ಗಾಳಿ ಓಡಾಡುವುದಿಲ್ಲ. ಆಗಸ್ಟ್‌ನಲ್ಲಿ ಮುಚ್ಚಳ ಎತ್ತಿ ನೋಡಿ, ಮೊದಲು ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತದೆ. ಕಂಬಳಿ ಮಡಿಕೆಯಲ್ಲಿ ಬಿಳಿ ಬೂಷ್ಟು. ಹಾಸಿಗೆಯ ಅಡಿಭಾಗ ತಿರುಗಿಸಿದರೆ ಕರಿಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಅದೇ ಹಾಸಿಗೆಯ ಮೇಲೆ ಮಗು ರಾತ್ರಿಯಿಡೀ ಉಸಿರಾಡಬೇಕಲ್ವಾ? ಶೀತ, ಉಬ್ಬಸ ಇರುವ ಮಕ್ಕಳಿಗಂತೂ ಖಂಡಿತ ಬೇಡ.

ಜೊತೆಗೆ ಕಡಿಮೆ ಬೆಲೆಯ ಪೆಟ್ಟಿಗೆ ಮಂಚಗಳು ಹೆಚ್ಚಾಗಿ ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಹೊಟ್ಟು, ಚೂರಿಗೆ ಅಂಟು ಹಾಕಿ ಒತ್ತಿದ ಹಲಗೆ. ಗುರುತಿಸುವುದು ಸುಲಭ. ಸ್ಕ್ರೂ ತೂತಿನ ಒಳಗೆ ಇಣುಕಿ, ಪದರ ಕಂಡರೆ ಪ್ಲೈವುಡ್, ಹರಳು ಹರಳಾಗಿ ಕಂಡರೆ ಅದೇ. ನೆಲ ಒರೆಸಿದ ನೀರು ಬುಡಕ್ಕೆ ತಾಗಿ ತಾಗಿ ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಹಿಡಿತವೂ ಹೋಗುತ್ತದೆ. ಪ್ಲೈವುಡ್ಡೇ ಬೇಕು ಅಂದರೆ ಐಎಸ್ 710 ಅಂತ ಮುದ್ರೆ ಇರುವುದನ್ನು, ಅಂದರೆ ನೀರು ತಡೆಯುವ ಮರೈನ್ ಪ್ಲೈವುಡ್ ಕೇಳಿ.

ಸಾಮಾನು ಇಡಲು ಜಾಗ ಬೇಕಾದರೆ ಮಂಚದ ಕೆಳಗೆ ಒಂದು ಅಡಿ ಬಿಡಿಸಿ, ಗಾಲಿ ಇರುವ ತೆರೆದ ಟ್ರೇ ತಳ್ಳಿ. ಗುಡಿಸಲೂ ಸುಲಭ.

ಮಗನ ಆಸೆಗೆ ಅಡ್ಡ ಬರುವುದು ಫ್ಯಾನ್. ಕೆಳಗೆ ಕೂತು ಓದಬೇಕಾದರೆ ಮೇಲಿನ ಮಂಚ 5 ಅಡಿ ಎತ್ತರದಲ್ಲಿ ಇರಬೇಕು. ಅದರ ಮೇಲೆ ಹಾಸಿಗೆ, ಅದರ ಮೇಲೆ ಎದ್ದು ಕೂತ ಹುಡುಗ. ತಲೆ ಎಂಟೂವರೆ ಅಡಿ ಹತ್ತಿರ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಫ್ಯಾನಿನ ರೆಕ್ಕೆ ಇರುವುದೂ ಎಂಟು, ಒಂಬತ್ತು ಅಡಿಯಲ್ಲೇ. ನಿದ್ದೆಗಣ್ಣಲ್ಲಿ ಕೈ ಎತ್ತಿದರೆ ಏನಾಗಬಹುದು ಯೋಚಿಸಿ. ಅವನಿಗೆ ಸುಮ್ನೆ ಬೇಡ ಅನ್ನಬೇಡಿ. ಟೇಪ್ ಅವನ ಕೈಗೇ ಕೊಟ್ಟು ಫ್ಯಾನ್ ನಿಲ್ಲಿಸಿ ಅಳೆಯಲು ಹೇಳಿ, ಅವನಿಗೇ ಅರ್ಥವಾಗುತ್ತದೆ. ಮರದ ಬಣ್ಣ, ತಲೆಹಲಗೆಯ ಆಕಾರ, ಟೇಬಲ್ ಎಲ್ಲಿ ಇರಬೇಕು ಅನ್ನುವುದನ್ನು ಅವನಿಗೇ ಬಿಡಿ. ಅವನ ಕೋಣೆ ತಾನೆ.

ಮಂಚವನ್ನು ಪಶ್ಚಿಮದ ಗೋಡೆಗೆ ಒತ್ತಿ ಹಾಕಬೇಡಿ. ಮಳೆ ಬಡಿಯುವುದು ಆ ಕಡೆಯಿಂದಲೇ. ಕಿಟಕಿಯಿಂದ ಇರಚಲು ಬರುತ್ತದೆ, ಗೋಡೆಯೂ ತೇವ ಹಿಡಿಯುತ್ತದೆ. ಒಳಗಿನ ಗೋಡೆಗೆ ಹಾಕಿ, ನಾಲ್ಕು ಬೆರಳು ಜಾಗ ಬಿಡಿ.

ಪ್ರಶ್ನೆ (ಅಂಕೋಲಾದಿಂದ):
ಅಣ್ಣಾ, ಕಬ್ಬಿಣದ ಮಂಚ ಆಗುವುದಿಲ್ಲವಾ? ಗೆದ್ದಲಿನ ಕಾಟ ಇಲ್ಲ, ಬೆಲೆಯೂ ಕಡಿಮೆ.

ಉತ್ತರ:
ಗೆದ್ದಲು ಇಲ್ಲ, ಆದರೆ ಉಪ್ಪುಗಾಳಿ ಇದೆ. ತುಕ್ಕು ಶುರುವಾಗುವುದು ವೆಲ್ಡಿಂಗ್ ಜಾಗದಲ್ಲಿ, ಮತ್ತೆ ಕಾಲಿನ ಬುಡದಲ್ಲಿ. ತೆಗೆದುಕೊಳ್ಳುವುದೇ ಆದರೆ ಪೌಡರ್ ಕೋಟಿಂಗ್ ಆಗಿರುವುದನ್ನು ನೋಡಿ, ಬೆಸುಗೆಯ ಮೇಲೆ ಬೆರಳಾಡಿಸಿ. ಅಲ್ಲಿ ಬಣ್ಣ ಬಿಟ್ಟಿದ್ದರೆ ಬೇಡ. ಪೈಪಿನ ಬಾಯಿಗೆ ರಬ್ಬರ್ ಬುಶ್ ಇರಲೇಬೇಕು.

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ):
ನಮ್ಮ ತೋಟದಲ್ಲಿ ಬಿದ್ದ ಹಲಸಿನ ಮರವನ್ನು ಮಿಲ್ಲಿನಲ್ಲಿ ಕೊಯ್ಸಿ ಎರಡು ವರ್ಷದಿಂದ ಅಟ್ಟದ ಮೇಲೆ ಇಟ್ಟಿದ್ದೇವೆ. ಮಗಳಿಗೆ ಮಂಚ ಮಾಡಿಸಬಹುದಾ, ಸಾಗವಾನಿಯೇ ಬೇಕಾ?

ಉತ್ತರ:
ಧಾರಾಳವಾಗಿ ಮಾಡಿಸಿ. ದಾಂಡೇಲಿ, ಯಲ್ಲಾಪುರ ಕಡೆಯ ಸಾಗವಾನಿಗೆ ಸಾಟಿ ಇಲ್ಲ, ನಿಜ. ಆದರೆ ಅಟ್ಟದಲ್ಲಿ ಒಣಗಿದ ಹಲಸು ಮನೆಯಲ್ಲೇ ಇರುವಾಗ ಸಾಗವಾನಿಗೆ ದುಡ್ಡು ಹಾಕುವುದು ಯಾಕೆ? ಹೊಸದರಲ್ಲಿ ಹಳದಿ ಇರುತ್ತದೆ, ವರ್ಷ ಕಳೆದಂತೆ ಕೆಂಪುಗಂದಿಗೆ ತಿರುಗುತ್ತದೆ. ಬಹಳ ಚೆಂದ. ಕೆಚ್ಚು, ಅಂದರೆ ಮರದ ನಡುವಿನ ಗಟ್ಟಿ ಭಾಗ ಮಾತ್ರ ಬಳಸಿ. ತೊಗಟೆಗೆ ಹತ್ತಿರದ ಬಿಳಿ ಭಾಗ ಒಂದು ಪಟ್ಟಿಯಷ್ಟೂ ಸೇರಬಾರದು, ಮರ ಕೊರೆಯುವ ಕುಟ್ಟೆ ಹುಳು ಹಿಡಿಯುವುದು ಅಲ್ಲಿಂದಲೇ. ಹಲಗೆ ತಟ್ಟಿ ನೋಡಿ, ಹಿಟ್ಟಿನಂಥ ಪುಡಿ ಉದುರಿದರೆ ಅದನ್ನು ಬದಿಗಿಡಿ.

ಪ್ರಶ್ನೆ (ಕಾರವಾರದ ಅದೇ ತಾಯಿ):
ತುಂಬಾ ಉಪಕಾರ ಆಯ್ತು. ಮನೆಯವರೂ ಒಪ್ಪಿದರು. ಇಲ್ಲೇ ಒಬ್ಬರ ಹತ್ತಿರ ಮಾಡಿಸುತ್ತೇವೆ. ಅವರಿಗೆ ಏನೇನು ಹೇಳಬೇಕು? ನಮ್ಮದು ಎರಡನೇ ಮಹಡಿ, ಮೆಟ್ಟಿಲು ಇಕ್ಕಟ್ಟು. ಹಾಸಿಗೆ ಯಾವುದು?

ಉತ್ತರ:
ಹಾಸಿಗೆ ಮೊದಲು ತನ್ನಿ, ಆಮೇಲೆ ಮಂಚ. ತೆಂಗಿನ ನಾರಿನ ಹಾಸಿಗೆ, ಮೇಲೆ ತೆಳು ಫೋಮ್ ಇರುವುದು, 5 ಇಂಚು ದಪ್ಪ ಸಾಕು. ಹತ್ತಿ ಹಾಸಿಗೆ ಬಿಸಿಲಿಗೆ ಹಾಕಲು ಆಗುವವರಿಗೆ ಸರಿ, ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುತ್ತೀರಿ?

ಹಾಸಿಗೆಯ ಅಳತೆಯನ್ನೇ ಬಡಗಿಗೆ ಕೊಡಿ. ಮಂಚದ ಒಳ ಅಳತೆ ಅದಕ್ಕಿಂತ ಅರ್ಧ ಇಂಚು ಜಾಸ್ತಿ ಇರಲಿ, ಇಲ್ಲದಿದ್ದರೆ ಬೆಡ್‌ಶೀಟ್ ಸಿಕ್ಕಿಸಲು ಬೆರಳು ಹೋಗುವುದಿಲ್ಲ. ಪಟ್ಟಿಗಳ ನಡುವೆ ಎರಡು ಇಂಚಿಗಿಂತ ಜಾಸ್ತಿ ಸಂದು ಬೇಡ, ನಾರಿನ ಹಾಸಿಗೆ ಆ ಸಂದಿನಲ್ಲಿ ಕುಸಿಯುತ್ತದೆ. ನಾಲ್ಕು ಅಡಿ ಅಗಲಕ್ಕೆ ನಡುವೆ ಉದ್ದಕ್ಕೆ ಒಂದು ತೊಲೆ, ಅದಕ್ಕೊಂದು ಕಾಲು ಕೇಳಿ. ಮಕ್ಕಳು ಮಂಚದ ಮೇಲೆ ದೊಪ್ಪೆಂದು ಬೀಳುತ್ತಾರೆ. ಪಾಲಿಶ್ ಕಾಣದ ಅಡಿಭಾಗಕ್ಕೂ ಬೀಳಬೇಕು, ಕಾಲಿನ ತುದಿಗಂತೂ ಎರಡು ಸಲ. ನೀರು ಹೀರುವುದು ಆ ತುದಿಯೇ. ಕಬ್ಬಿಣದ ಮೊಳೆ ಬೇಡ, ತೇವಕ್ಕೆ ಸುತ್ತಲಿನ ಮರ ಕಪ್ಪಾಗುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ.

ಮೂಲೆಗಳನ್ನು ಅಂಟು ಹಾಕಿ ಕೂರಿಸದೆ ನಟ್ ಬೋಲ್ಟಿನಲ್ಲಿ ಜೋಡಿಸಲು ಹೇಳಿ. ಬಿಚ್ಚಿ ಮೆಟ್ಟಿಲು ಹತ್ತಿಸಬಹುದು. ಮುಂದೆ ಮಗ ಬೇರೆ ಊರಿಗೆ ಓದಲು ಹೋದರೂ ಬಿಚ್ಚಿ ಕಳಿಸಬಹುದು. ಮಳೆಗಾಲದಲ್ಲಿ ಉಬ್ಬಿದ ಮರ ಜನವರಿ, ಫೆಬ್ರವರಿಯಲ್ಲಿ ಕುಗ್ಗುತ್ತದೆ, ಆಗ ಮಂಚ ಕಿರ್ ಅನ್ನುತ್ತದೆ. ಹೆದರಬೇಡಿ, ಬೋಲ್ಟ್ ಅರ್ಧ ಸುತ್ತು ಬಿಗಿ ಮಾಡಿದರೆ ನಿಲ್ಲುತ್ತದೆ. ಸ್ಪ್ಯಾನರ್ ಒಂದನ್ನು ಬಡಗಿಯ ಹತ್ತಿರವೇ ಕೇಳಿ ಇಟ್ಟುಕೊಳ್ಳಿ.